ಚಂದ್ರಪ್ರಭಾ ಟಾಕೀಸಿನಲ್ಲಿ ಕೊರಿಯಾದ ಪಿಚ್ಚರ್

ನಮ್ಮೂರಿನ ಚಂದ್ರಪ್ರಭಾ ಟಾಕೀಸಿನಲ್ಲಿ ಸಿನಿಮಾ ನೋಡುತ್ತಾ ಯಾರು ಏನೇ ಅಂದರೂ ಆ ಮಾತು ಆ ಸಿನಿಮಾದೊಳಗೇ ಉಳಿದುಬಿಡುತ್ತಿತ್ತು. ಅದೇ ಸಿನಿಮಾ ಮತ್ತೆ ಓಡಿದಾಗ, ಅದೇ ದೃಶ್ಯದಲ್ಲಿ, ಅದೇ ಕುರ್ಚಿಯಿಂದ ಆ ಮಾತು ಮತ್ತೆ ಕೇಳುತ್ತಿತ್ತು. ಅಷ್ಟು ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಿದ್ದರು, ಇಲ್ಲವೇ ಯಾರೂ ಇರುತ್ತಿರಲಿಲ್ಲ. ಪರಸ್ಥಳದವರು ಬೆಚ್ಚಿಬಿದ್ದು ಹಿಂದೆ ಮುಂದೆ ನೋಡುತ್ತಿದ್ದರು. ನಮಗೆ ಅದು ನಮ್ಮೂರ ಬಾವಿಯ ನೀರು ಸ್ವಲ್ಪ ಸಪ್ಪೆ ಎನ್ನುವಷ್ಟೇ ಸಹಜವಾಗಿತ್ತು.

ಹಾಗಾಗಿ ಹೊಸ ಸಿನಿಮಾ ಎಂದರೆ ನಮ್ಮವರಿಗೆ ಅಷ್ಟಕ್ಕಷ್ಟೇ. ಅದನ್ನು ‘ಖಾಲಿ ಪಿಚ್ಚರ್’ ಎನ್ನುತ್ತಿದ್ದರು. ಹಳೆಯದು ಬಂತೆಂದರೆ ‘ತುಂಬಿದ ಪಿಚ್ಚರ್’. ತುಂಬಿದ ಪಿಚ್ಚರಿಗೆ ಟಿಕೆಟ್ ಸಿಗುತ್ತಿರಲಿಲ್ಲ. ತೀರಿಹೋದ ನಮ್ಮ ತಾತ ಒಂದು ಪೌರಾಣಿಕ ಸಿನಿಮಾದ ಯುದ್ಧದ ಮಧ್ಯೆ ಕೆಮ್ಮುತ್ತಿದ್ದರು. ಅದು ಬಂದಾಗಲೆಲ್ಲ ಅಜ್ಜಿ ಅವರ ಪಕ್ಕದ ಕುರ್ಚಿಯನ್ನೇ ಹಿಡಿದು ಕೂತು, ಕೆಮ್ಮು ಕೇಳಿದ ತಕ್ಷಣ, “ಒಂದು ಲೋಟ ಬಿಸಿನೀರು ಕುಡೀಬಾರ್ದಾ?” ಅನ್ನುತ್ತಿದ್ದಳು. ಅಜ್ಜಿಯೂ ಹೋದ ಮೇಲೆ ನಾವು ಮೊಮ್ಮಕ್ಕಳು ಆ ಕೆಮ್ಮನ್ನೂ ಆ ಬಿಸಿನೀರಿನ ಮಾತನ್ನೂ ಒಟ್ಟಿಗೆ ಕೇಳಿ ಬರುತ್ತಿದ್ದೆವು. ಹೊಸದಾಗಿ ಮದುವೆಯಾದವರು ಸಿನಿಮಾ ಮುಗಿಯುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ತಾಯಂದಿರು ಮಕ್ಕಳ ಬಾಯಿಗೆ ಕೊಬ್ಬರಿ ಮಿಠಾಯಿ ತುರುಕಿಯೇ ಒಳಗೆ ಕರೆತರುತ್ತಿದ್ದರು. ಬಾಯಿ ತಪ್ಪಿ ಏನಾದರೂ ಅಂದುಬಿಟ್ಟವರಿಗೆ ಒಂದೇ ದಾರಿ ಇತ್ತು: ಮುಂದಿನ ಆಟಕ್ಕೆ ಹೋಗಿ, ಅದೇ ಕುರ್ಚಿಯಲ್ಲಿ ಕೂತು, ಆ ಮಾತು ಬರುವ ಹೊತ್ತಿಗೆ ಅದಕ್ಕಿಂತ ಜೋರಾಗಿ ಬೇರೆ ಏನಾದರೂ ಕೂಗುವುದು. ಮಾತಿನ ಮೇಲೆ ಮಾತು ಹಾಕೋದು ಎನ್ನುತ್ತಿದ್ದರು ಅದಕ್ಕೆ.

ನಾನು ಬಿ.ಎ. ಓದುತ್ತಿದ್ದಾಗ, ಯುಗಾದಿಗೆಂದು ತರಿಸಿದ ಹಳೆಯ ಸಿನಿಮಾದ ಡಬ್ಬಿಗಳಲ್ಲಿ ಬೇರೆಯದೇ ರೀಲು ಬಂದಿತ್ತು. ಅದು ಕೊರಿಯಾ ದೇಶದ್ದು. ಮಾಲೀಕರಾದ ಅನಂತರಾಜಯ್ಯನವರು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಒಬ್ಬರೇ ಕೂತು ಅದನ್ನು ಓಡಿಸಿ ನೋಡಿದರಂತೆ, ಅರ್ಧಕ್ಕೇ ಎದ್ದು ಬಂದು ಬಾಯಿ ಮುಕ್ಕಳಿಸಿದರಂತೆ. ಆದರೆ ಹಬ್ಬದ ವಾರ ಟಾಕೀಸು ಮುಚ್ಚುವುದು ಹೇಗೆ? ಹೊರಗೆ ಬೋರ್ಡು ಬರೆಸಿದರು: ‘ಕೊರಿಯಾ ದೇಶದ ಭಯಂಕರ ಸೇಡಿನ ಚಿತ್ರ. ಗರ್ಭಿಣಿಯರು, ಮಕ್ಕಳು, ಹೃದಯ ಸರಿಯಿಲ್ಲದವರು ದಯಮಾಡಿ ಬರಬೇಡಿ.’ ಅಷ್ಟು ಬರೆದ ಮೇಲೆ ಯಾರು ತಾನೇ ಮನೆಯಲ್ಲಿ ಕೂರುತ್ತಾರೆ? ಖಾಲಿ ಪಿಚ್ಚರ್ ಆದರೂ ಊರು ಬಂತು.

ಬೋರ್ಡಿನ ಸುದ್ದಿ ನನ್ನ ಸೋದರತ್ತೆ ನಿಂಗಾಜಮ್ಮನ ಕಿವಿಗೂ ಬಿತ್ತು. ಅವಳದು ಪೇಟೆ ಬೀದಿಯಲ್ಲಿ ಹಿಟ್ಟಿನ ಗಿರಣಿ. ಗಂಡ ಬೇಗ ತೀರಿಕೊಂಡಿದ್ದ. ಒಬ್ಬನೇ ಮಗ ಯೋಗೀಶನನ್ನು ರಾಗಿ ಹಿಟ್ಟಿನ ಧೂಳಿನಲ್ಲೇ ಬೆಳೆಸಿದ್ದಳು. ಯೋಗೀಶನಿಗೆ ಕಾಂತರಾಜು ಎಂಬ ಗೆಳೆಯನಿದ್ದ. ಅತ್ತೆಯ ಮನೆಯಲ್ಲಿ ಅವನಿಗೊಂದು ತಟ್ಟೆ, ಒಂದು ಚಾಪೆ ಇತ್ತು. ಅತ್ತೆಯನ್ನು ಅವನು ದೊಡ್ಡಮ್ಮ ಎನ್ನುತ್ತಿದ್ದ. ಗಿರಣಿಯ ಹಿಂದಿನ ಬಯಲಿನಲ್ಲಿ ಹುಡುಗರು ವಾಲಿಬಾಲ್ ಆಡುತ್ತಿದ್ದಾಗ ಒಂದು ದಿನ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಜಗಳ ಹತ್ತಿತು. ಕಾಂತರಾಜು ಬಲೆ ಕಟ್ಟಿದ ಕಬ್ಬಿಣದ ಪೈಪು ಕಿತ್ತು ಬೀಸಿದ. ಒಂದೇ ಏಟು. ಯೋಗೀಶ ಆಸ್ಪತ್ರೆಗೆ ಸೇರುವ ಮೊದಲೇ ಹೋಗಿದ್ದ. ಕೋರ್ಟಿನಲ್ಲಿ ಕಾಂತರಾಜು “ನಾನೇ ಹೊಡೆದೆ” ಎಂದಿದ್ದು ಬಿಟ್ಟರೆ ಮತ್ತೊಂದು ಮಾತಾಡಲಿಲ್ಲ. ಅವನು ಜೈಲಿನಲ್ಲಿದ್ದಾಗಲೇ ಅವನ ತಾಯಿ ಸತ್ತಳು. ಶಿಕ್ಷೆ ಮುಗಿಸಿ ಆ ವರ್ಷದ ಸಂಕ್ರಾಂತಿಯ ಹೊತ್ತಿಗೆ ಊರಿಗೆ ಬಂದವನು ಮರದ ಡಿಪೋದಲ್ಲಿ ಕೂಲಿಗೆ ಸೇರಿಕೊಂಡಿದ್ದ.

ಅತ್ತೆ ಮಗ ಸತ್ತ ದಿನವೂ ಅಳಲಿಲ್ಲ, ಆಮೇಲೂ ಅತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಅವಳ ಮೈದುನ ಮೈಲಾರಪ್ಪ ಒಂದು ಮಚ್ಚನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದ. ಕಾಂತರಾಜು ಊರಿಗೆ ಬಂದಾಗಿನಿಂದ ಮೈಲಾರಪ್ಪ ದಿನಾ ಗಿರಣಿಗೆ ಬಂದು, “ಅತ್ಗೆ, ನೀವು ಹ್ಞೂಂ ಅಂದ್ರೆ ಸಾಕು” ಅನ್ನುತ್ತಿದ್ದ. ಅತ್ತೆ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅಂತಲೂ ಅನ್ನಲಿಲ್ಲ. “ಹಬ್ಬ ಕಳೀಲಿ” ಎಂದಿದ್ದಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಆ ವರ್ಷದ ಹೋಳಿಗೆ ತಟ್ಟೆಯಲ್ಲೇ ಉಳಿಯಿತು.

ಹಬ್ಬದ ಮಾರನೆಯ ದಿನ ಅತ್ತೆ ಗಿರಣಿಗೆ ಬೀಗ ಹಾಕಿ ನಮ್ಮ ಮನೆಗೆ ಬಂದಳು. “ಶೀಲಿ, ಆ ಸೇಡಿನ ಪಿಚ್ಚರ್‌ಗೆ ನನ್ ಜೊತೆ ಬಾ. ಕೆಳಗಡೆ ಇಂಗ್ಲಿಷಲ್ಲಿ ಬರುತ್ತಂತೆ, ನೀ ಓದಿ ಹೇಳು” ಅಂದಳು.

ನನ್ನ ಅಮ್ಮ ಗಾಬರಿಯಾದಳು. “ನಿಮಗ್ಯಾಕೆ ಅತ್ಗೆ ಅದು? ರಕ್ತ ಅಂತೆ, ಕೊಲೆ ಅಂತೆ. ಬೇಡ ಸುಮ್ನಿರಿ.”

“ಸೇಡು ತೀರಿಸ್ಕೊಂಡೋನ ಮುಖ ಹೆಂಗಿರುತ್ತೆ ಅಂತ ನೋಡ್ಬೇಕು” ಅಂದಳು ಅತ್ತೆ.

ಅದು ಆ ಪಿಚ್ಚರಿನ ಮೊದಲ ಆಟ. ಹೆಂಗಸರ ಸಾಲಿನ ನಡುವೆ, ಫ್ಯಾನಿನ ಕೆಳಗೆ ನಮಗೆ ಜಾಗ ಸಿಕ್ಕಿತು. ಕತೆ ಸರಳವಾಗಿತ್ತು. ಒಂದು ದ್ವೀಪದಲ್ಲಿ ಒಬ್ಬ ದೋಣಿಯವನು. ಅವನ ತಂಗಿಯನ್ನು ನಾಲ್ಕು ಜನ ಸೇರಿ ಕೊಂದು ಹಾಕುತ್ತಾರೆ. ದೋಣಿಯವನು ಹುಟ್ಟು ಹೆಗಲ ಮೇಲೆ ಹೊತ್ತುಕೊಂಡು, ಹಿಮ ಬೀಳುವ ಊರೂರು ಸುತ್ತಿ ಒಬ್ಬೊಬ್ಬರನ್ನೇ ಹುಡುಕುತ್ತಾನೆ. ಮೊದಮೊದಲು ಜನಕ್ಕೆ ಅವರ ಊಟವೇ ಸೋಜಿಗವಾಯಿತು. “ಅಯ್ಯೋ, ಅವರೂ ಅನ್ನಾನೇ ತಿಂತಾರಲ್ಲೋ!” ಎಂದು ಯಾರೋ ಅಂದರು. “ಕಡ್ಡೀಲಿ ಹೆಂಗಪ್ಪ ಹೊಟ್ಟೆ ತುಂಬುತ್ತೆ?” ಎಂದು ಇನ್ನೊಬ್ಬರು. ಮೊದಲನೆಯವನ ತಲೆ ಒಡೆದಾಗ ಆ ಮಾತೆಲ್ಲ ನಿಂತುಹೋಯಿತು. ಪೋಸ್ಟ್ ಮಾಸ್ಟರ್ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು “ಆಯ್ತಾ? ಆಯ್ತಾ?” ಎಂದು ಪಕ್ಕದವರನ್ನು ಕೇಳುತ್ತಲೇ ಇದ್ದರು. ಸೋಡಾ ಅಂಗಡಿಯ ಇಬ್ರಾಹಿಂ ಎದ್ದು ನಿಂತು, “ಹಿಂದೆ ನೋಡೋ, ಹಿಂದೆ ಬಂದ!” ಎಂದು ದೋಣಿಯವನಿಗೆ ಕೂಗಿ ಹೇಳಿದ. ಎರಡನೆಯವನ ಬೆರಳು ಮುರಿಯುವಾಗ ಒಂದಿಬ್ಬರು ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡರು, ಬಾಯೊರೆಸಿಕೊಂಡು ವಾಪಸ್ಸು ಬಂದು ಕೂತರು. ನಾನು ಓದಿ ಹೇಳುವುದನ್ನು ಯಾವಾಗ ನಿಲ್ಲಿಸಿದೆನೋ ನೆನಪಿಲ್ಲ. ಅತ್ತೆಗೆ ಅದು ಬೇಕಿರಲಿಲ್ಲ. ಅವಳು ಕುರ್ಚಿಯ ತುದಿಗೆ ಬಂದಿದ್ದಳು. ಮೂರನೆಯವನು ಹಿಮದಲ್ಲಿ ತೆವಳುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ, “ಹೊಡಿ! ಬಿಡಬೇಡ ಅವನ್ನ, ಹೊಡಿ!” ಎಂದು ಕಿರುಚಿದಳು. ಮುಂದಿನ ಸಾಲಿನವರು ತಿರುಗಿ ನೋಡಿ, ಯಾರೆಂದು ಗೊತ್ತಾಗಿ ಮುಖ ತಿರುಗಿಸಿಕೊಂಡರು.

ನಾಲ್ಕನೆಯವನು ಇನ್ನೂ ಚಿಕ್ಕ ವಯಸ್ಸಿನವನು. ಮೀನು ಒಣಹಾಕುವ ಒಂದು ಗುಡಿಸಲಿನಲ್ಲಿ ಅಡಗಿ ಕೂತಿದ್ದ. ದೋಣಿಯವನು ಬಾಗಿಲು ಒದ್ದು ಒಳಗೆ ಬಂದು ಹುಟ್ಟು ಎತ್ತಿದ. ಹುಡುಗ ಓಡಲಿಲ್ಲ, ಕೈ ಮುಗಿಯಲೂ ಇಲ್ಲ. ಗೋಡೆಗೆ ಒರಗಿ, ಎಳೆ ಮಗುವಿನಂತೆ ಬಾಯಿ ಅಗಲಿಸಿ, “ಒಮ್ಮಾ!” ಎಂದು ಕೂಗಿದ.

ಅವರ ಭಾಷೆಯಲ್ಲಿ ತಾಯಿಗೆ ಹಾಗೆ ಅನ್ನುತ್ತಾರಂತೆ. ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಅಷ್ಟು ದೊಡ್ಡ ಟಾಕೀಸು ಒಮ್ಮೆಗೇ ಸ್ತಬ್ಧವಾಯಿತು. ಆ ಮೌನದಲ್ಲಿ ನನ್ನ ಪಕ್ಕದಿಂದ, ಗಿರಣಿಯ ಬಾಗಿಲಲ್ಲಿ ನಿಂತು ಒಳಮನೆಗೆ ಉತ್ತರ ಕೊಡುವ ದನಿಯಲ್ಲಿ, ಅತ್ತೆ ಅಂದಳು: “ಬಂದೆ ಇರಪ್ಪಾ.”

ತೆರೆಯ ಮೇಲೆ ಹುಟ್ಟು ಕೆಳಗಿಳಿಯಿತು. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಸಿನಿಮಾ ಏನಾಯಿತೋ ಅವಳು ನೋಡಲಿಲ್ಲ, ತಲೆ ಬಗ್ಗಿಸಿಯೇ ಕೂತಿದ್ದಳು. ದಾರಿಯಲ್ಲಿ ಬರುತ್ತಾ ಸೇತುವೆ ದಾಟಿದೆವು. ಆಮೇಲೆ ಕೇಳಿದಳು:

“ನಾನು ಏನಾದ್ರೂ ಅಂದ್ನಾ ಶೀಲಿ?”

“ಅಂದೆ ಅತ್ತೆ.”

“ಜೋರಾಗಿ ಅಂದ್ನಾ?”

“ಎಲ್ಲಾರ್ಗೂ ಕೇಳ್ತು.”

ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಮೈಲಾರಪ್ಪ ಗಿರಣಿಗೆ ಬಂದಾಗ ನಾನೂ ಅಲ್ಲೇ ಇದ್ದೆ. ಅವನ ಕಣ್ಣು ಕೆಂಪಗಿತ್ತು. “ಏನ್ ಅತ್ಗೆ ಇದು? ಕೊಲೆಗಡುಕ ಕೂಗಿದ್ರೆ ಓಗೊಟ್ರಂತಲ್ಲ? ನಾಳೆ ಆ ಕಾಂತ ಟಿಕೆಟ್ ತಗೊಂಡು ಹೋಗಿ ಕೇಳ್ತಾನೆ. ನಮ್ ಮನೆತನಕ್ಕೆ ಉಗೀತಾರೆ.”

“ಬಾಯಿ ತಪ್ಪಿ ಬಂತು ಮೈಲಾರಿ. ಬೇಕು ಅಂತ ಅನ್ಲಿಲ್ಲ.”

“ಹಂಗಾರೆ ಹೋಗಿ ಅಳಿಸ್ಕಂಡ್ ಬನ್ನಿ.”

ಅತ್ತೆ ನನ್ನನ್ನು ಕರೆದುಕೊಂಡು ಅನಂತರಾಜಯ್ಯನವರ ಹತ್ತಿರ ಹೋದಳು. ಆ ತುಂಡು ಕತ್ತರಿಸಿ ಹಾಕಲಾಗುತ್ತದೆಯೇ ಎಂದು ಕೇಳಿದಳು. ಅವರು ಟಿಕೆಟ್ ಕೌಂಟರಿನೊಳಗೆ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರು. ಹತ್ತಿ ತೆಗೆದು ಎಲ್ಲ ಕೇಳಿಸಿಕೊಂಡು, “ರೀಲು ಕತ್ತರಿಸಿದ್ರೆ ಪಕ್ಕದ ತುಂಡಿಗೆ ಹೋಗಿ ಕೂತ್ಕೊಳುತ್ತೆ ತಾಯಿ. ಹಿಂದೆ ಒಂದ್ಸಲ ಮಾಡಿ ನೋಡಿದೀನಿ” ಅಂದರು. ಆಮೇಲೆ ನಿನ್ನೆ ಕೂತಿದ್ದ ಎರಡು ಕುರ್ಚಿಗಳ ಟಿಕೆಟನ್ನೇ ಹುಡುಕಿ ಹರಿದು ಕೊಟ್ಟರು. ಅದು ಮ್ಯಾಟ್ನಿ ಆಟ.

ಅವತ್ತು ಕಾಲಿಡಲು ಜಾಗವಿರಲಿಲ್ಲ. ಕೊರಿಯಾದವರನ್ನು ನೋಡಲು ಬಂದವರಿಗಿಂತ ಅತ್ತೆಯ ಮಾತು ಕೇಳಲು ಬಂದವರೇ ಹೆಚ್ಚು. ಮೈಲಾರಪ್ಪ ನಮ್ಮ ಹಿಂದಿನ ಸಾಲಿನ ಅಂಚಿನಲ್ಲಿ ಕೂತಿದ್ದ. ದೀಪ ಆರುವ ಮುಂಚೆ ಕಾಂತರಾಜು ಒಳಗೆ ಬಂದ. ಯಾರ ಮುಖವನ್ನೂ ನೋಡದೆ ತೆರೆಗೆ ಅಂಟಿದ ಅಗ್ಗದ ಗಾಂಧಿ ಕ್ಲಾಸಿನ ಮೂಲೆಯಲ್ಲಿ ಹೋಗಿ ಕೂತ. ಅವನು ಯಾಕೆ ಬಂದನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಿನ್ನೆಯ ಮಾತುಗಳು ಒಂದೊಂದಾಗಿ ಎದ್ದವು. “ಅವರೂ ಅನ್ನಾನೇ ತಿಂತಾರಲ್ಲೋ!” ಎಂದಾಗ ಜನ ನಕ್ಕರು. ಇಬ್ರಾಹಿಂ ‘ಹಿಂದೆ ನೋಡೋ’ ಎಂದು ಕೂಗುವುದಕ್ಕೂ ನಕ್ಕರು, ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಪೋಸ್ಟ್ ಮಾಸ್ಟರ್ ಹೆಂಡತಿ ಮನೆಯಲ್ಲೇ ಉಳಿದಿದ್ದರೂ ಅವರ “ಆಯ್ತಾ? ಆಯ್ತಾ?” ಬಂತು. ಮೂರನೆಯವನು ಹಿಮದಲ್ಲಿ ತೆವಳತೊಡಗಿದ. ಅತ್ತೆ ತುಟಿ ಬಿಗಿಹಿಡಿದು ಕೂತಿದ್ದಳು. ಅವಳು ಕೂತ ಕುರ್ಚಿಯಿಂದಲೇ, ಅವಳ ಎದೆಯೊಳಗಿಂದ ಬಂದಂತೆ, “ಹೊಡಿ! ಬಿಡಬೇಡ ಅವನ್ನ, ಹೊಡಿ!” ಎಂದು ಕೇಳಿತು. ಅತ್ತೆ ಬೆಚ್ಚಿ ನನ್ನ ತೋಳು ಹಿಡಿದಳು. “ಇದು ನಾನಾ?” ಎಂದು ಪಿಸುಗುಟ್ಟಿದಳು. ಗಾಂಧಿ ಕ್ಲಾಸಿನ ಮೂಲೆಯಲ್ಲಿ ಕಾಂತರಾಜು ತಲೆ ತಗ್ಗಿಸಿದ್ದು ತೆರೆಯ ಬೆಳಕಿನಲ್ಲಿ ಕಾಣುತ್ತಿತ್ತು.

ಗುಡಿಸಲಿನ ದೃಶ್ಯ ಬಂತು. ಅತ್ತೆ ಗಂಟಲು ಸರಿಮಾಡಿಕೊಂಡಳು. “ಸಾಯಿ ಅಂತೀನಿ. ಒಂದೇ ಮಾತು, ಸಾಯಿ ಅಂತ” ಎಂದು ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ. ಬಾಗಿಲು ಒದೆದ ಸದ್ದಾಯಿತು. ಹುಟ್ಟು ಮೇಲೆ ಹೋಯಿತು. ಹುಡುಗ “ಒಮ್ಮಾ!” ಎಂದ. ಅತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ನಿನ್ನೆಯ ದನಿ ಬಂತು: “ಬಂದೆ ಇರಪ್ಪಾ.”

ಎಷ್ಟು ಮೆತ್ತಗಿತ್ತು ಆ ದನಿ! ಯೋಗೀಶ ಇದ್ದಾಗಿನ ದನಿ ಅದು. ಅವನು ಹೋದ ಮೇಲೆ ಆ ದನಿಯನ್ನು ನಾವ್ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅತ್ತೆಯ ಬಾಯಿ ತೆರೆದಂತೆಯೇ ಇತ್ತು, ಮಾತು ಹೊರಡಲಿಲ್ಲ. ಗಾಂಧಿ ಕ್ಲಾಸಿನಿಂದ ಒಬ್ಬ ಗಂಡಸು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಯಾರೆಂದು ಯಾರೂ ಕೇಳಲಿಲ್ಲ. ಕೂಗಿದರೆ ಓಗೊಡುವವರು ಅವನಿಗೂ ಇರಲಿಲ್ಲವಲ್ಲ.

ಮೈಲಾರಪ್ಪ ಕುರ್ಚಿ ಒದ್ದುಕೊಂಡು ಎದ್ದ. “ಮೈಲಾರಿ, ಕೂತ್ಕೋ” ಎಂದಳು ಅತ್ತೆ. ಅವನು ಕೂರಲಿಲ್ಲ, ಬಾಗಿಲು ತಳ್ಳಿಕೊಂಡು ಹೊರಗೆ ಹೋದ. ಅತ್ತೆ ಮಾತ್ರ ಕೊನೆಯವರೆಗೂ ತೆರೆಯನ್ನೇ ನೋಡಿದಳು. ದೋಣಿಯವನು ಎಲ್ಲರನ್ನೂ ಕೊಂದು ಮುಗಿಸಿ ತನ್ನ ದ್ವೀಪಕ್ಕೆ ಹುಟ್ಟು ಹಾಕುತ್ತಿದ್ದ. ಅವನ ಮುಖವೊಂದೇ ತೆರೆಯ ತುಂಬ ನಿಂತಿತ್ತು. “ಪಾಪ, ಅನ್ನ ಕಂಡು ಎಷ್ಟು ದಿನ ಆಯ್ತೋ” ಎಂದಳು ಅತ್ತೆ.

ಹೊರಗೆ ಇನ್ನೂ ಬಿಸಿಲಿತ್ತು. ಸೈಕಲ್ ಸ್ಟ್ಯಾಂಡಿನ ಹತ್ತಿರ ಮೈಲಾರಪ್ಪ ನಿಂತಿದ್ದ, ಕಂಕುಳಲ್ಲಿ ಗೋಣಿಯ ಸುರುಳಿ. ಮನೆಗೆ ಓಡಿಹೋಗಿ ತಂದಿದ್ದ. ಜನ ಗೇಟಿನ ಎರಡೂ ಬದಿಗೆ ಸರಿದು ನಿಂತರು, ಮನೆಗೆ ಮಾತ್ರ ಯಾರೂ ಹೋಗಲಿಲ್ಲ. ಎಲ್ಲರಿಗಿಂತ ಕೊನೆಗೆ ಕಾಂತರಾಜು ಬಂದ. ಮೈಲಾರಪ್ಪನನ್ನು ನೋಡಿದ. ತಪ್ಪಿಸಿಕೊಂಡು ಹೋಗಲು ಹಿಂದುಗಡೆ ಬಾಗಿಲಿತ್ತು. ಅವನು ಅಲ್ಲೇ ನಿಂತ.

ಅತ್ತೆ ನನ್ನ ಕೈ ಬಿಡಿಸಿಕೊಂಡು ಇಬ್ಬರ ಮಧ್ಯೆ ಹೋದಳು. ಮೈದುನನಿಗೆ ಬೆನ್ನು ಮಾಡಿ ಕಾಂತರಾಜುವಿನ ಎದುರು ನಿಂತಳು. ಅಷ್ಟು ವರ್ಷಗಳಲ್ಲಿ ಅವನ ಜೊತೆ ಅವಳು ಮಾತಾಡಿದ್ದು ಅದೇ ಮೊದಲು.

“ಅವತ್ತು ಮಿಕ್ಕ ಹುಡುಗರೆಲ್ಲ ಓಡಿಹೋದ್ರಂತೆ. ನೀನೊಬ್ನೇ ಇದ್ದಿದ್ದಂತೆ ಅವನ ಹತ್ರ. ಹೌದಾ?”

“ಹೌದು ದೊಡ್ಡಮ್ಮ.”

“ಗಿರಣಿ ಓಡ್ತಿತ್ತು. ನಂಗೇನೂ ಕೇಳ್ಲಿಲ್ಲ. ನಿಜ ಹೇಳು. ನನ್ ಮಗ ನನ್ನ ಕೂಗಿದ್ನಾ?”

ಕಾಂತರಾಜು ನೆಲ ನೋಡಿದ. “ಕೂಗ್ಲಿಲ್ಲ” ಅಂದ.

“ನಂಗೆ ನೋವಾಗುತ್ತೆ ಅಂತ ಸುಳ್ಳು ಹೇಳ್ಬೇಡ.”

“ದೇವ್ರಾಣೆ ಕೂಗ್ಲಿಲ್ಲ ದೊಡ್ಡಮ್ಮ. ಅವನ ತಲೆ ನನ್ ತೊಡೆ ಮೇಲಿತ್ತು. ನಾನೇ ದೊಡ್ಡಮ್ಮನ್ನ ಕರ್ಕೊಂಡ್ ಬರ್ತೀನಿ ಇರೋ ಅಂತ ಎದ್ದೆ. ಅವನು ಅಂಗಿ ಹಿಡ್ಕೊಂಡ, ಬಿಡ್ಲಿಲ್ಲ. ‘ಅಮ್ಮಂಗೆ ಹೇಳ್ಬೇಡ ಕಣೋ, ಬೈತಾಳೆ’ ಅಂದ. ಅಷ್ಟೇ ಅಂದಿದ್ದು. ಆಮೇಲೆ ಏನೂ ಅನ್ಲಿಲ್ಲ.”

ಅತ್ತೆ ಅವನನ್ನೇ ನೋಡಿದಳು. “ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ? ಕೋರ್ಟಲ್ಲಾದ್ರೂ ಹೇಳ್ಬಾರ್ದಿತ್ತಾ?”

“ಹೇಳ್ಬೇಡ ಅಂದಿದ್ನಲ್ಲ ದೊಡ್ಡಮ್ಮ.”

ಅತ್ತೆ ಟಾಕೀಸಿನ ಮೆಟ್ಟಿಲ ಮೇಲೆ ಕುಸಿದು ಕೂತಳು. “ಬೈತಿದ್ದೆ” ಅಂದಳು. “ಅಂಗಿಯೆಲ್ಲ ರಕ್ತ ಮಾಡ್ಕೊಂಡು ಬಂದಿದ್ರೆ ಬಿಡ್ತಿದ್ನಾ? ಚೆನ್ನಾಗಿ ಬೈತಿದ್ದೆ.” ಹೇಳುತ್ತಾ ಹೇಳುತ್ತಾ ಸೆರಗು ಬಾಯಿಗಿಟ್ಟುಕೊಂಡು ಅಳಲು ಶುರುಮಾಡಿದಳು. ಹೆಂಗಸರು ಬಂದು ಸುತ್ತ ಕೂತರು. ಯಾರೂ ಸಮಾಧಾನ ಮಾಡಲಿಲ್ಲ, ಅಳಲಿ ಎಂದು ಬಿಟ್ಟರು. ಅನಂತರಾಜಯ್ಯನವರು ಕೌಂಟರಿನಿಂದ ಎದ್ದು ಬಂದು ಒಂದು ಚೊಂಬು ನೀರು ಇಟ್ಟು ಹೋದರು. ಮುಂದಿನ ಆಟ ಶುರುವಾಗುವುದು ಅವತ್ತು ತಡವಾಯಿತು.

ಅತ್ತೆ ಮುಖ ತೊಳೆದುಕೊಂಡು ಎದ್ದಾಗ ಮೈಲಾರಪ್ಪ ಇನ್ನೂ ನಿಂತೇ ಇದ್ದ. “ಹಬ್ಬ ಕಳೀತು ಮೈಲಾರಿ” ಅಂದಳು. “ಬೇಡ. ಇನ್ ಮೇಲೆ ನನ್ನ ಕೇಳ್ಬೇಡ. ಬೇಡ ಅಂದ್ರೆ ಬೇಡ.” ಅವನು ಅವಳ ಮುಖ ನೋಡಿದ. ಗೋಣಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿಕೊಂಡು, ಸೈಕಲ್ ಹತ್ತದೆ, ತಳ್ಳಿಕೊಂಡು ಹೋದ.

ಅತ್ತೆ ಕಾಂತರಾಜುವನ್ನು ಕ್ಷಮಿಸಿದಳೆಂದು ಹೇಳಲಾರೆ. ಅವಳು ಆ ಮಾತನ್ನು ಯಾವತ್ತೂ ಆಡಲಿಲ್ಲ. ಅವನನ್ನು ಮನೆಗೆ ಕರೆಯಲಿಲ್ಲ, ಬೀದಿಯಲ್ಲಿ ಸಿಕ್ಕರೆ ನಿಲ್ಲುತ್ತಿರಲಿಲ್ಲ. ಆದರೆ ಯೋಗೀಶನ ಹೆಸರೆತ್ತಿದರೆ ಗಿರಣಿಯ ಸದ್ದು ಜೋರು ಮಾಡುತ್ತಿದ್ದವಳು, ಅವನು ಚಿಕ್ಕವನಿದ್ದಾಗ ಹಿಟ್ಟಿನ ಡಬ್ಬದೊಳಗೆ ಅಡಗಿ ಕೂತು ಬೆಳ್ಳಗೆ ಎದ್ದು ಬಂದ ಕತೆಯನ್ನೆಲ್ಲ ಬಂದವರಿಗೆ ಹೇಳತೊಡಗಿದಳು. ಹೇಳಿ ನಗುತ್ತಿದ್ದಳು. ಆ ಕೊರಿಯಾ ಸಿನಿಮಾ ವಾರವೆಲ್ಲ ಓಡಿತು. ಕೊನೆಕೊನೆಗೆ ಅದು ಎಷ್ಟು ತುಂಬಿಹೋಗಿತ್ತೆಂದರೆ ಕೊರಿಯಾದವರ ಮಾತೇ ಕೇಳುತ್ತಿರಲಿಲ್ಲ. ಆಮೇಲೆ ಡಬ್ಬಿಗಳು ಬಸ್ಸು ಹತ್ತಿದವು. ಮತ್ತೆ ಬರಲಿಲ್ಲ.

ನಾನು ಮದುವೆಯಾಗಿ ಬಂದ ಊರಿನ ಟಾಕೀಸುಗಳಲ್ಲಿ ಜನ ಆಡಿದ ಮಾತು ಅವರ ಜೊತೆಗೇ ಎದ್ದು ಹೊರಗೆ ಹೋಗುತ್ತದೆ. ಮೊದಲ ಸಲ ಅಲ್ಲಿ ಹಳೆಯ ಸಿನಿಮಾ ನೋಡಿದಾಗ ನನಗೆ ಭಯವೇ ಆಯಿತು, ಯಾರೂ ಇಲ್ಲದ ಮನೆಗೆ ಹೊಕ್ಕ ಹಾಗೆ. ನನ್ನ ಮಗಳು ಈಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಇಂಥವೇ ಕೊರಿಯಾದ ಸೇಡಿನ ಕತೆಗಳನ್ನು ಫೋನಿನಲ್ಲಿ ನೋಡುತ್ತಾಳೆ. ಕೊಲೆಯಾದಾಗಲೂ ಅವಳ ಮುಖ ಅಲ್ಲಾಡುವುದಿಲ್ಲ. “ಅಮ್ಮ, ಸುಮ್ನಿರು” ಅನ್ನುತ್ತಾಳೆ, ನಾನು ಪಕ್ಕದಲ್ಲಿ ಕೂತು ಅಯ್ಯೋ ಎಂದರೆ.

ಅತ್ತೆ ತೀರಿಕೊಂಡ ಸುದ್ದಿ ಬಂದಾಗ ಮೊದಲ ಬಸ್ಸಿಗೇ ಹೋದೆ. ಮಗನಿಲ್ಲದ್ದರಿಂದ ಮೈಲಾರಪ್ಪನೇ ಎಲ್ಲ ಕಾರ್ಯ ಮಾಡಿದ. ಅವನಿಗೂ ವಯಸ್ಸಾಗಿತ್ತು. ಗುಂಡಿಗೆ ಇಳಿಸಿ, ಮನೆಯವರು ಒಬ್ಬೊಬ್ಬರಾಗಿ ಮಣ್ಣು ಹಾಕಿದೆವು. ಬೇಲಿಯಾಚೆ, ಹೊಂಗೆ ಮರದ ಕೆಳಗೆ ಕಾಂತರಾಜು ಹೆಗಲ ಟವೆಲನ್ನು ಕೈಯಲ್ಲಿ ಹಿಡಿದು ನಿಂತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ಎಲ್ಲರೂ ಅವನನ್ನು ನೋಡಿದ್ದೆವು, ಯಾರೂ ನೋಡದವರಂತೆ ಇದ್ದೆವು. ಗುದ್ದಲಿಯವರು ಮಣ್ಣೆಳೆಯಲು ಮುಂದೆ ಬಂದಾಗ ಮೈಲಾರಪ್ಪ ಕೈ ಅಡ್ಡ ಹಿಡಿದು ಅವರನ್ನು ನಿಲ್ಲಿಸಿದ. ಬೇಲಿಯ ಕಡೆಗೆ ತಿರುಗಿದ.

“ಏಯ್ ಕಾಂತ, ಅಲ್ಲೇನ್ಲಾ ನಿಂತಿದೀಯ? ಮಗ ಹಾಕ್ಬೇಕಾದ ಮಣ್ಣು ಇನ್ನೂ ಬಿದ್ದಿಲ್ಲ. ಬಾ.”

ಕಾಂತರಾಜು ಚಪ್ಪಲಿ ಬಿಟ್ಟು ಬೇಲಿ ದಾಟಿ ಬಂದ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಹಾಕಿದ ಮೇಲೆ ಅವನಿಗೆ ಎದ್ದು ನಿಲ್ಲಲಾಗಲಿಲ್ಲ. ಮೈಲಾರಪ್ಪ ಅವನ ರಟ್ಟೆಗೆ ಕೈ ಕೊಟ್ಟು ಎತ್ತಿದ.